ಅತ್ತೆಯನ್ನು ಕಟ್ಟಿ ಹೊಳೆ ದಾಟಿಸಿದವಳು

ಕಸ್ತೂರಿ ತನ್ನ ಅತ್ತೆಯನ್ನು ಕುರಿ ಕಟ್ಟಿದ ಹಾಗೆ ಕಟ್ಟಿ ಟೆಂಪೋದಲ್ಲಿ ಹಾಕಿಕೊಂಡು ಹೋದಳು ಎಂಬ ಮಾತು ದಡ್ಡಿಯಿಂದ ತುಕ್ಕಾನಟ್ಟಿಯವರೆಗೆ ಎಲ್ಲ ಕಟ್ಟೆಗಳ ಮೇಲೂ ಉರುಳಾಡಿದೆ. ಕಟ್ಟಿದ್ದು ಖರೆ. ಹೊಡೆದದ್ದೂ ಖರೆ. ಆದರೆ ಯಾಕೆ ಕಟ್ಟಿದಳು ಎಂದು ಕೇಳುವಷ್ಟು ಪುರುಸೊತ್ತು ಕಟ್ಟೆಯ ಮೇಲೆ ತಂಬಾಕು ತಿಕ್ಕುವವರಿಗೆ ಇಲ್ಲ. ಮುದುಕಿ ಇವತ್ತಿಗೂ ಜೀವಂತ ಇದ್ದಾಳೆ ಎಂಬುದು ಅವರ ಕಣ್ಣಿಗೆ ಬೀಳುವುದಿಲ್ಲ. ಬಾಯಿಗೇನು ಬಾಡಿಗೆಯೇ?

ಕಸ್ತೂರಿ ಮೂಡಲಗಿಯ ಹುಡುಗಿ. ಅಪ್ಪ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ದುಡಿಯುತ್ತಿದ್ದ. ಜಾತಿಯಿಂದ ಕುರುಬರೇ ಆದರೂ ಅವರ ಮನೆಯಲ್ಲಿ ಕುರಿ ಎಂದರೆ ಆದಿತ್ಯವಾರದ ಸಾರು, ಅಷ್ಟೆ. ನಲ್ಲಿಯ ನೀರು ಕುಡಿದು, ಫ್ಯಾನಿನ ಕೆಳಗೆ ಮಲಗಿ, ಹೊಲಿಗೆ ಕ್ಲಾಸಿಗೆ ಹೋಗಿ ಬೆಳೆದವಳನ್ನು ದಡ್ಡಿ ಊರಿನ ಯಲ್ಲಪ್ಪನಿಗೆ ಕೊಟ್ಟರು. ಹುಡುಗ ಶಾಂತ, ಮನೆ ದೊಡ್ಡದು ಎಂದರು. ಮನೆ ದೊಡ್ಡದೇ ಇತ್ತು, ಆದರೆ ಅದರ ಬಾಗಿಲಿಗೆ ಮಳೆಗಾಲ ಬಿಟ್ಟರೆ ಬಾಕಿ ದಿನವೆಲ್ಲ ಕೀಲಿ. ಹಿಂಡು ಅಡವಿಯಲ್ಲಿ, ಹಿಂಡಿನ ಹಿಂದೆ ಸಂಸಾರ. ಕುರಿಗಳ ಸುತ್ತ ಬಲೆಯ ಬೇಲಿ, ಸಾಮಾನು ಹೊರಲು ಒಂದು ಕುದುರೆ, ಎರಡು ನಾಯಿ, ಮನುಷ್ಯನಿಗೊಂದು ಕಂಬಳಿ. ಗೋಡೆಯೂ ಅದೇ, ಮಾಳಿಗೆಯೂ ಅದೇ.

ಆ ಸಂಸಾರದ ಒಡತಿ ಅತ್ತೆ ಸತ್ತೆವ್ವ. ಒಣಗಿದ ಜಾಲಿಯ ಕೊರಡಿನಂಥ ಹೆಂಗಸು. ಗಂಡ ಸತ್ತ ಮೇಲೆ ಮೈದುನ ಹೊಳೆಪ್ಪನ ಜೊತೆ ಕೂಡಿ ಹಿಂಡು ನಡೆಸಿದವಳು. ಅರ್ಧ ಕುರಿ ಅವಳವು, ಅರ್ಧ ಹೊಳೆಪ್ಪನವು. ಮಗ ಯಲ್ಲಪ್ಪ ಅವ್ವನ ಮುಂದೆ ಕೆಮ್ಮಲಿಕ್ಕೂ ಹೆದರುತ್ತಿದ್ದ. ಸತ್ತೆವ್ವನಿಗೆ ಕಲಿಸುವ ದಾರಿ ಒಂದೇ ಗೊತ್ತು. ಅದು ಅವಳ ಕೈಯಲ್ಲಿದ್ದ ಬಡಿಗೆ.

ಮೊದಲ ವರ್ಷ ಹಿಡಕಲ್ ಕಡೆಯ ಗುಡ್ಡದಲ್ಲಿ ಅಡ್ಡಮಳೆ ಹಿಡಿಯಿತು. ಒಲೆ ಹಚ್ಚಲು ಕಸ್ತೂರಿ ತವರಿನಿಂದ ತಂದ ಲೈಟರ್ ತೆಗೆದಳು. ತಿರುವಿದಳು, ತಿರುವಿದಳು, ಹತ್ತಲಿಲ್ಲ. ಸತ್ತೆವ್ವ ಅದನ್ನು ಕಸಿದು ಹಳ್ಳಕ್ಕೆ ಎಸೆದಳು. ಆಮೇಲೆ ಕಪಾಳಕ್ಕೊಂದು ಕೊಟ್ಟಳು.

“ಅದು ಮಳಿಗೆ ಸಾಯ್ತೈತಿ. ಕಲ್ಲ ಸಾಯಂಗಿಲ್ಲ. ತಗೋ, ಬಡಿ.”

ಕೈಗೆ ಬಂದದ್ದು ಚಕಮಕಿ ಕಲ್ಲು, ಉಕ್ಕಿನ ತುಂಡು, ಬಿದಿರಿನ ಕೊಳವೆಯಲ್ಲಿ ತುಂಬಿದ ಬೂರಲದ ಅರಳೆ. ಕಸ್ತೂರಿ ಬಡಿದಳು. ಕಿಡಿ ಹಾರಿತು, ಅರಳೆ ಹಿಡಿಯಲಿಲ್ಲ. ಗೆಣ್ಣು ಸುಲಿದು ರಕ್ತ ಇಳಿಯಿತು.

“ರಕ್ತ ಅರಳಿ ಮ್ಯಾಲ ಬೀಳಸಬ್ಯಾಡಲೇ, ಹಸಿ ಆಕ್ಕೈತಿ,” ಅಂದಳು ಮುದುಕಿ. ಕರುಣೆ ಅಂದರೆ ಅಷ್ಟೇ.

ನೀರು ಕಲಿಸಿದ್ದೂ ಹಾಗೆಯೇ. ಬತ್ತಿದ ಹಳ್ಳದಲ್ಲಿ ನಿಲ್ಲಿಸಿ “ತೋಡು” ಎಂದಳು. ಕಸ್ತೂರಿ ನಡುವಿನಲ್ಲಿ ತೋಡಿ ಉಗುರು ಸೀಳಿಕೊಂಡಳು. ನಾಲಿಗೆ ಚರ್ಮದ ಹಾಗೆ ಒಣಗಿತು. ಸತ್ತೆವ್ವ ಅವಳೆದುರೇ ಕೂತು ತನ್ನ ತಂಬಿಗೆಯಿಂದ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, “ಹಳ್ಳ ಎಲ್ಲಿ ಸೊಟ್ಟ ಆಕ್ಕೈತಿ ನೋಡು. ಆ ಸೊಟ್ಟದ ಹೊರಗಿನ ಬಾಜೂ ಲೆಕ್ಕಿ ಗಿಡ ಹಸರ ಅದಾವು. ಗಿಡಕ್ಕ ತಿಳಿದದ್ದು ನಿನಗ ತಿಳಿಯವಲ್ದು,” ಎಂದಳು. ಅಲ್ಲಿ ಮೊಣಕೈ ಆಳಕ್ಕೆ ಉಸುಕು ತಣ್ಣಗಾಯಿತು, ಆಮೇಲೆ ಒರತೆ ಬಂತು. ಕಸ್ತೂರಿ ಬಗ್ಗಿ ನಾಯಿಯ ಹಾಗೆ ನೆಕ್ಕಿ ಕುಡಿದಳು.

ಒಂದು ಕುರಿಯ ಮರಿ ಸತ್ತೇ ಹುಟ್ಟಿತು. ಅದೇ ದಿನ ಬೇರೊಂದು ಮರಿಯ ತಾಯಿ ಹಾವು ಕಡಿದು ಸತ್ತಿತ್ತು. ತಬ್ಬಲಿ ಮರಿಯನ್ನು ಯಾವ ಕುರಿಯೂ ಹತ್ತಿರ ಬಿಡುವುದಿಲ್ಲ, ಗುದ್ದಿ ಕೊಲ್ಲುತ್ತದೆ. ಸತ್ತೆವ್ವ ಸತ್ತ ಮರಿಯನ್ನು ಸೊಸೆಯ ಮಡಿಲಿಗೆ ಎಸೆದು ಚೂರಿ ಕೊಟ್ಟಳು. ಬಿಸಿ ಆರುವುದರೊಳಗೆ ಚರ್ಮ ಸುಲಿದು, ಅದನ್ನು ಅಂಗಿಯ ಹಾಗೆ ತಬ್ಬಲಿಗೆ ತೊಡಿಸಬೇಕು. ಸತ್ತ ಮರಿಯ ತಾಯಿ ಅದನ್ನು ಮೂಸಿ ತನ್ನದೇ ಮರಿ ಎಂದುಕೊಳ್ಳುತ್ತದೆ. ಕಸ್ತೂರಿ ಎರಡು ಸಲ ವಾಂತಿ ಮಾಡಿಕೊಂಡಳು. ಚರ್ಮ ಮಾತ್ರ ಹರಿಯದೆ ಬಂತು. ಮರಿ ಕುಡಿಯಿತು.

ಒಮ್ಮೆ ಓಡಿಹೋದಳು ಸಹ. ಬೆನ್ನ ಮೇಲೆ ಬಾಸುಂಡೆ ಎದ್ದಿದ್ದ ದಿನ ಅದು. ಗುಡ್ಡ ಇಳಿದು ಗೋಕಾಕದ ರಸ್ತೆ ಮುಟ್ಟಿದಳು. ಬಸ್ಸು ಬಂದು ನಿಂತಿತು, ಕಂಡಕ್ಟರ್ “ಹತ್ತಬೇ” ಎಂದು ಕೂಗಿದ. ಹತ್ತಲಿಲ್ಲ. ಹೊಡೆಸಿಕೊಂಡು ಓಡಿಹೋದರೆ ಮುದುಕಿ ಗೆದ್ದ ಹಾಗೆ ಎಂಬ ಸಿಟ್ಟು ಕಾಲಿಗೆ ತೊಡರಿಕೊಂಡಿತು. ತಿರುಗಿ ಬಂದಾಗ ಸತ್ತೆವ್ವ ರೊಟ್ಟಿ ಬಡಿಯುತ್ತಿದ್ದಳು.

“ಉಪ್ಪ ತಂದಿಯೇನ?”

“ಇಲ್ಲರಿ.”

ಬಡಿಗೆ ಬಿತ್ತು. “ರಸ್ತಾದ ತನಕ ಹೋಗಿ ಬಂದಾಕಿ ಉಪ್ಪರ ತರಬಾರದ? ದಂಡಕ್ಕ ನಡದ್ಯಲ್ಲ!”

ತೋಳದ ಪಾಠ ಕೊನೆಗೆ ಬಂತು. ಸತ್ತೆವ್ವನಿಗೆ ತೋಳದ ಮೇಲೆ ಹಗೆ ಇರಲಿಲ್ಲ. ವರ್ಷಕ್ಕೊಂದು ಮರಿ ಅದರ ಪಾಲು ಎಂದೇ ಬಿಡುತ್ತಿದ್ದಳು. “ಹಸದ ತೋಳಕ್ಕ ನಾಚಿಕಿ ಇರ್ತೈತಿ,” ಅನ್ನುತ್ತಿದ್ದಳು. “ಗಾಳಿಗೆ ಎದರ ಬರ್ತೈತಿ, ಅಡಗಿ ಬರ್ತೈತಿ. ಒಂದರ ಕುತ್ತಿಗಿ ಹಿಡದು ಹೋಗಿಬಿಡ್ತೈತಿ. ಆದರ ಯಾವುದಾದರೂ ಕಚ್ಚಿತಂದ್ರ ಕೈ ಎಳಕೊಳಬ್ಯಾಡ. ಎಳದ್ರ ಮಾಂಸ ಹರೀತೈತಿ. ಒಳಗ ತುರುಕು, ಗಂಟಲದಾಗ ತುರುಕು. ಉಸರ ಕಟ್ಟಿ ತಾನ ಬಿಡ್ತೈತಿ.”

ನಾಲ್ಕನೆಯ ವರ್ಷ ದೀಪಾವಳಿ ಕಳೆದ ಮೇಲೆ ಹಿಂಡು ಘಟಪ್ರಭೆಯ ಈಚೆ ದಂಡೆಯ ಕುರುಚಲು ಗುಡ್ಡದ ಮೇಲಿತ್ತು. ಕೆಳಗೆ ಹೊಳೆ, ಆಚೆಗೆ ಧುಪದಾಳ. ಹೊಲದಲ್ಲಿ ಗೊಬ್ಬರಕ್ಕೆ ಹಿಂಡು ನಿಲ್ಲಿಸುವ ಮಾತಾಡಲು ಯಲ್ಲಪ್ಪ ಕುದುರೆ ಹೊಡೆದುಕೊಂಡು ತುಕ್ಕಾನಟ್ಟಿಗೆ ಹೋಗಿದ್ದ. ನಡು ಮಧ್ಯಾಹ್ನ. ಕುರಿಗಳು ಒಂದರ ನೆರಳಿಗೆ ಒಂದು ತಲೆ ತೂರಿಸಿ ನಿಂತಿದ್ದವು. ಹೊಳೆಪ್ಪ ಬಾರಿಗಿಡದ ಕೆಳಗೆ ಅಡ್ಡಾಗಿದ್ದ.

ತೋಳ ಬಯಲಲ್ಲಿ ನಡೆದು ಬಂತು. ಗಾಳಿಯ ಬೆನ್ನಿಗೆ, ಅಡಗದೆ, ಸೊಟ್ಟ ಸೊಟ್ಟ ಕಾಲು ಹಾಕುತ್ತ. ಬಾಯಿಂದ ನೊರೆ ದಾರದ ಹಾಗೆ ಜೋತಿತ್ತು. ದಾರಿಯಲ್ಲಿದ್ದ ಕಲ್ಲನ್ನು ಕಚ್ಚಿತು. ಹಲ್ಲು ಮುರಿದ ಸದ್ದು ಕಸ್ತೂರಿಗೆ ಕೇಳಿಸಿತು.

ಮೋತಿ ಎಂಬ ನಾಯಿ ಮೊದಲು ಹಾರಿತು. ತೋಳ ಅದರ ಗಂಟಲನ್ನು ಒಂದೇ ಸೆಳೆತಕ್ಕೆ ಕಿತ್ತು ಉಗುಳಿತು. ಎರಡನೆಯ ನಾಯಿ ಖಂಡ್ಯಾ ಹಿಂಗಾಲು ಹಿಡಿಯಿತು. ತೋಳ ತಿರುಗಿ ನಾಯಿಯ ಮುಸುಡಿ ಸೀಳಿತು. ಹೊಳೆಪ್ಪ ಗದ್ದಲಕ್ಕೆ ಎದ್ದು ಕೂರುವುದಕ್ಕೂ ತೋಳ ಅವನ ಮೇಲೆ ಬೀಳುವುದಕ್ಕೂ ಸರಿಹೋಯಿತು. ಕೆನ್ನೆಗೇ ಬಾಯಿ ಹಾಕಿತು. ಹೊಳೆಪ್ಪನ ಕೂಗು ಕೂಗಿನ ಹಾಗಿರಲಿಲ್ಲ.

ಸತ್ತೆವ್ವ ಓಡುತ್ತಲೇ ಕಂಬಳಿಯನ್ನು ಎಡಗೈಗೆ ಸುತ್ತಿಕೊಂಡಳು. “ಬಾರಲೇ ಭಾಡ್ಯಾ!” ಎಂದು ಆ ಕೈಯನ್ನು ತೋಳದ ಬಾಯಿಗೆ ಕೊಟ್ಟಳು. ಕೊಟ್ಟು, ಎಳೆದುಕೊಳ್ಳದೆ, ಮೊಣಕೈ ತನಕ ಒಳಗೆ ದೂಡಿದಳು. ತೋಳ ಅವಳನ್ನು ನೆಲಕ್ಕೆ ಕೆಡವಿ ದರದರ ಎಳೆಯಿತು. ಅವಳು ಬಿಡಲಿಲ್ಲ. ಕಸ್ತೂರಿ ಕೊಡಲಿ ಎತ್ತಿದಳು. ಮೊದಲ ಏಟು ಹೆಗಲಿನ ಎಲುಬಿಗೆ ತಾಗಿ ಜಾರಿತು. ಎರಡನೆಯದು ಬೆನ್ನು ಮುರಿಯಿತು. ಹಿಂದಿನ ಅರ್ಧ ಸತ್ತರೂ ಮುಂದಿನ ಅರ್ಧ ಕಚ್ಚುತ್ತಲೇ ಇತ್ತು. ಕಸ್ತೂರಿ ತಲೆಗೆ ಹೊಡೆದಳು, ಮತ್ತೆ ಹೊಡೆದಳು, ರಕ್ತ ಕಣ್ಣಿಗೆ ಸಿಡಿದು ಏನೂ ಕಾಣದಾದಾಗಲೂ ಹೊಡೆಯುತ್ತಲೇ ಇದ್ದಳು.

“ಸಾಕ ಬಿಡ,” ಎಂದಳು ಸತ್ತೆವ್ವ ಕೆಳಗಿನಿಂದ. “ಕೊಡಲಿ ಮಣ್ಣ ಕಡ್ಯಾಕತ್ತೈತಿ.”

ಕಂಬಳಿ ಬಿಚ್ಚಿದಾಗ ಮುಂಗೈಯಲ್ಲಿ ನಾಲ್ಕು ತೂತು. ಹೊಳೆಪ್ಪನ ಕೆನ್ನೆಯಲ್ಲಿ ಹಲ್ಲಿನ ಸಾಲು ಹೊರಗೆ ಕಾಣುತ್ತಿತ್ತು. ಸತ್ತೆವ್ವ ಅರಿಶಿನ ಸುಣ್ಣ ಕಲಸಿ ಮೈದುನನಿಗೆ ಮೆತ್ತಿದಳು, ತಾನೂ ಮೆತ್ತಿಕೊಂಡಳು, ಕುರಿಗಳನ್ನು ನೋಡಲು ಎದ್ದಳು.

“ಅತ್ತೀ, ಇದು ಹುಚ್ಚ ತೋಳರಿ,” ಅಂದಳು ಕಸ್ತೂರಿ. “ಹಸದದ್ದು ಕಲ್ಲ ಕಡಿಯಂಗಿಲ್ಲ. ನೀವ ಹೇಳಿದ್ದು. ದವಾಖಾನಿಗೆ ನಡೀರಿ, ಸೂಜಿ ಮಾಡಿಸೂಣು.”

“ಹುಚ್ಚಂತ ನನಗ ಗೊತ್ತೈತಿ. ಅಮಾಸಿ ತನಕ ಹೊಳಿ ದಾಟೂ ಹಂಗಿಲ್ಲ. ಅಮಾಸಿ ಆದ ಮ್ಯಾಲ ನೋಡೂಣು.”

ಸತ್ತೆವ್ವನ ಮನೆತನದಲ್ಲಿ ಅದೊಂದು ಕಟ್ಟು. ಹುಚ್ಚು ನಾಯಿ, ಹುಚ್ಚು ತೋಳ ಕಚ್ಚಿದವರು ಅಮಾವಾಸ್ಯೆ ಕಳೆಯುವ ತನಕ ಹರಿಯುವ ನೀರು ದಾಟಬಾರದು, ಗಾಯಕ್ಕೆ ನೀರು ಸೋಕಿಸಬಾರದು. ಆ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಅವಳ ಮಾವನಿಗೆ ಹುಚ್ಚು ನಾಯಿ ಕಚ್ಚಿತ್ತು. ಮೈ ಕೆಟ್ಟ ಮೇಲೆ ನಾವೆಯಲ್ಲಿ ಹಾಕಿಕೊಂಡು ಆಚೆ ದಂಡೆಗೆ ಹೊರಟರು. ನಡುಹೊಳೆಯಲ್ಲಿ ನೀರು ನೋಡಿದವನೇ ಕಿರುಚಿ, ಸೆಟೆದು, ನಾವೆಯಲ್ಲೇ ಸತ್ತ. ಹೊಸ ಸೊಸೆಯಾಗಿದ್ದ ಸತ್ತೆವ್ವ ಅವನ ಕಾಲು ಹಿಡಿದು ಕೂತಿದ್ದಳು. ಹೊಳೆಯೇ ಕೊಂದಿತು ಎಂದು ಅವತ್ತೇ ತಲೆಯಲ್ಲಿ ಕೂತಿತು. ಕಂಡದ್ದು ಸುಳ್ಳಲ್ಲ. ತಿಳಿದುಕೊಂಡದ್ದು ಸುಳ್ಳು. ಮನುಷ್ಯರು ಸಾಯುವುದು ಹೆಚ್ಚಾಗಿ ಹೀಗೆಯೇ.

ದವಾಖಾನೆ ಇದ್ದದ್ದು ಹೊಳೆಯ ಆಚೆ. ಗುಡ್ಡ ಸುತ್ತಿ ಬೇರೆ ಕಡೆ ಹೋಗುವುದಾದರೂ ಹಳ್ಳ ಅಡ್ಡ ಬರುತ್ತಿತ್ತು. ಮುದುಕಿಗೆ ಹಳ್ಳವೂ ಒಂದೇ, ಹೊಳೆಯೂ ಒಂದೇ.

ಕಸ್ತೂರಿ ಗಂಡನಿಗೆ ಫೋನ್ ಹಚ್ಚಿದಳು. ಯಲ್ಲಪ್ಪ ಕೇಳಿ ಅತ್ತ. ಅತ್ತು, “ಅವ್ವ ಏನಂತಾಳ?” ಎಂದು ಕೇಳಿದ.

“ಅಮಾಸಿ ಅಂತಾಳ.”

“ಹಂಗಾದ್ರ ಅಮಾಸಿ ಆಗಲಿ ಬಿಡ. ಆಕಿ ಹೇಳಿದ್ದ ಹೇಳಿದ್ದು.”

“ನಿನ್ನ ಬಾಯಾಗ ಮಣ್ಣ ಹಾಕ!” ಎಂದು ಫೋನ್ ಕತ್ತರಿಸಿದಳು. ಗಂಡನಿಗೆ ಹಾಗೆ ಅಂದದ್ದು ಅದೇ ಮೊದಲು.

ಮುಂದಿನದು ಬೇಗ ಬೇಗ ನಡೆಯಿತು. ಸತ್ತೆವ್ವ ಬಗ್ಗಿ ಕುರಿಯ ಕಾಲು ನೋಡುತ್ತಿದ್ದಾಗ ಕಸ್ತೂರಿ ಹಿಂದಿನಿಂದ ತಬ್ಬಿ ನೆಲಕ್ಕೆ ಕೆಡವಿದಳು. ಮುದುಕಿ ಬಡಿಗೆ ತಿರುವಿ ಅವಳ ಹುಬ್ಬು ಒಡೆದಳು. ಮೊಣಕಾಲಿನಿಂದ ಹೊಟ್ಟೆಗೆ ಗುದ್ದಿದಳು. ಕಸ್ತೂರಿ ಅವಳ ಕಪಾಳಕ್ಕೆ ಬಾರಿಸಿದಳು. ನಾಲ್ಕು ವರ್ಷದ ಏಟೆಲ್ಲ ಆ ಒಂದು ಕೈಯಲ್ಲಿತ್ತು. ಸತ್ತೆವ್ವ ದಂಗಾಗಿ ಬಾಯಿ ತೆರೆದಷ್ಟು ಹೊತ್ತಿನಲ್ಲೇ ಕೈ ಎರಡು, ಕಾಲು ಒಂದು ಸೇರಿಸಿ ಉಣ್ಣೆ ಕತ್ತರಿಸುವಾಗ ಕುರಿಗೆ ಹಾಕುವ ಗಂಟು ಹಾಕಿದಳು. ಕೊಸರಿದಷ್ಟೂ ಬಿಗಿಯುವ ಗಂಟು. ಕಲಿಸಿದವಳಿಗೆ ಅದರ ಗುಣ ಚೆನ್ನಾಗಿ ಗೊತ್ತಿತ್ತು, ಕೊಸರಲಿಲ್ಲ, ಬೈದಳು.

“ಹಾಟ್ಯಾಳ! ನನ್ನ ಕೊಲ್ಲಾಕ ಹೊಂಟಿಯೇನ? ನಿನ್ನ ವಂಶ ಹಾಳಾಗ!”

“ನನ್ನ ವಂಶ ನಿಮ್ಮದ ಅಲ್ಲೇನ್ರಿ? ಬೈರಿ, ಬೈರಿ,” ಅನ್ನುತ್ತ ಕಸ್ತೂರಿ ಗಾಯದ ಸುಣ್ಣ ಕೆರೆದು ತೆಗೆದು, ಕೊಡದ ನೀರೆಲ್ಲ ಸುರಿದು, ಸಾಬೂನಿನಿಂದ ತಿಕ್ಕಿದಳು. ಮುದುಕಿಯ ಕಿರುಚಾಟಕ್ಕೆ ಕುರಿಗಳು ಬಲೆಗೆ ಹಾಯ್ದವು.

ಹೊಳೆಪ್ಪ ಗಿಡಕ್ಕೆ ಒರಗಿ ನೋಡುತ್ತಿದ್ದ. “ನೀವೂ ಏಳ್ರಿ ಕಾಕಾ,” ಎಂದು ಹತ್ತಿರ ಹೋದರೆ ಚೂರಿ ತೋರಿಸಿದ. ಹರಿದ ಕೆನ್ನೆಯಿಂದ ಮಾತು ಗಾಳಿಯಾಗಿ ಹೊರಬರುತ್ತಿತ್ತು. “ಆಕಿನ್ನ ಒಯ್ಯಿ. ನನ್ನ ಮುಟ್ಟಿದ್ರ ಕರುಳ ತಗೀತೇನಿ. ಹಿಂಡ ಕಾಯಾಕ ಒಬ್ಬರ ಬೇಕಲ್ಲ.”

ಇನ್ನೊಂದು ಕೆಲಸ ಬಾಕಿ ಇತ್ತು. ಖಂಡ್ಯಾ ಸೀಳಿದ ಮುಸುಡಿ ನೆಕ್ಕಿಕೊಳ್ಳುತ್ತ ಅವಳ ಕಾಲಿಗೆ ಬಂದು ಒರಗಿತು. ಅದನ್ನು ಬಿಟ್ಟು ಹೋದರೆ ನಾಳೆ ಅದೇ ತೋಳ. ಕಸ್ತೂರಿ ಒಂದು ರೊಟ್ಟಿ ಹಾಕಿದಳು. ನಾಯಿ ತಲೆ ಬಗ್ಗಿಸಿತು. ಒಂದೇ ಏಟು. ಕೊಡಲಿಯನ್ನು ಅಲ್ಲಿಯೇ ಬಿಟ್ಟಳು, ಕೈ ಅದನ್ನು ಮತ್ತೆ ಹಿಡಿಯಲು ಒಪ್ಪಲಿಲ್ಲ.

ಅತ್ತೆಯನ್ನು ಕಂಬಳಿಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತು ಗುಡ್ಡ ಇಳಿದಳು. ರಸ್ತೆಯಲ್ಲಿ ಹಾಲಿನ ಕ್ಯಾನು ತುಂಬಿದ ಟೆಂಪೋಗೆ ಅಡ್ಡ ನಿಂತಳು. ನಡೆಸುತ್ತಿದ್ದವನು ಶುಭಮ್ ಎಂಬ ಹುಡುಗ. ರಕ್ತ ಹೆಪ್ಪುಗಟ್ಟಿದ ಹೆಂಗಸು, ಕಂಬಳಿಯ ಗಂಟು ನೋಡಿ ಬ್ರೇಕ್ ಒತ್ತಿದ.

“ಏನಕ್ಕಾ, ಕುರಿ ಏನ?”

“ನಿಮ್ಮಪ್ಪ ಕುರಿ!” ಅಂದಿತು ಗಂಟು.

ಶುಭಮ್ ಟೆಂಪೋ ಬಿಟ್ಟು ಓಡಲು ಬಾಗಿಲು ತೆಗೆದ. ಕಸ್ತೂರಿ ಅವನ ಕಾಲರ್ ಹಿಡಿದಳು. “ಹುಚ್ಚ ತೋಳ ಕಡದೈತಿ ನಮ್ಮತ್ತಿಗೆ. ದವಾಖಾನಿಗೆ ಹೊಡಿ. ನಿಂತಿ ಅಂದ್ರ ನಿನ್ನೂ ಕಟ್ಟತೇನಿ.” ಹುಡುಗ ಹೊಡೆದ.

ಸೇತುವೆ ಬಂದಾಗ ಸತ್ತೆವ್ವನಿಗೆ ಗಾಳಿಯ ತಂಪಿನಲ್ಲೇ ತಿಳಿಯಿತು. ಬೈಗುಳ ನಿಂತಿತು. “ಮಗಳ, ಬ್ಯಾಡ. ನೀರ ತೋರಸಬ್ಯಾಡ ನನಗ. ಕಾಲ ಬೀಳ್ತೇನಿ,” ಎಂದಳು. ಆ ಬಾಯಿಂದ ಅಂಥ ಮಾತನ್ನು ಕಸ್ತೂರಿ ಕೇಳಿರಲಿಲ್ಲ. ಗಂಟು ಬಿಚ್ಚಲಿಲ್ಲ. ಕಂಬಳಿಯನ್ನು ಮುದುಕಿಯ ಮುಖದ ಮೇಲೆ ಎಳೆದು, ಅದರ ಮೇಲೆ ತನ್ನ ಎದೆ ಒತ್ತಿ, ಸೇತುವೆ ಮುಗಿಯುವ ತನಕ ಹಾಗೆಯೇ ಬಿದ್ದಿದ್ದಳು.

ದವಾಖಾನೆಯಲ್ಲಿ ಗಾಯ ತೊಳೆದು, ಗಾಯದೊಳಗೇ ಸೂಜಿ ಚುಚ್ಚಿದರು, ರಟ್ಟೆಗೆ ಬೇರೆ ಚುಚ್ಚಿದರು. ನರ್ಸ್ ಕಸ್ತೂರಿಯ ಹುಬ್ಬು ಹೊಲಿಯುತ್ತ, “ತೋಳ ನಿನಗೂ ಹೊಡೀತೇನವಾ?” ಎಂದು ಕೇಳಿದಳು. “ಇಲ್ಲರಿ, ಇದು ಅತ್ತಿ,” ಅಂದಳು ಕಸ್ತೂರಿ. ರಕ್ತ ಕಣ್ಣಿಗೆ ಸಿಡಿದದ್ದು ತಿಳಿದು ಅವಳಿಗೂ ಸೂಜಿ ಹಾಕಿದರು. ಹೊಳೆಪ್ಪನ ಸುದ್ದಿ ಹೇಳಿದಾಗ, ಕೆನ್ನೆ ಹರಿದವನನ್ನು ಇವತ್ತೇ ತರಬೇಕು, ತಲೆಗೆ ಹತ್ತಿರದ ಗಾಯ ಕಾಯುವುದಿಲ್ಲ ಎಂದು ಡಾಕ್ಟರ್ ಗದರಿದರು.

ತಿರುಗಿ ಬಂದರೆ ಬಲೆಯೊಳಗೆ ಅರ್ಧ ಹಿಂಡು. ಹೊಳೆಪ್ಪ ತನ್ನ ಕುರಿ ಹೊಡೆದುಕೊಂಡು ಮೇಲಿನ ಗುಡ್ಡಕ್ಕೆ ಹೋಗಿದ್ದ. ಕಸ್ತೂರಿ ಹೆಜ್ಜೆ ಹಿಡಿದು ಹೋಗಿ ಮರುದಿನ ಬೆಳಗ್ಗೆ ಅವನನ್ನು ಕಂಡಳು. ಅವನು ಬಂಡೆಯ ಮೇಲೆ ನಿಂತು ಕವಣೆ ಬೀಸಿದ. ಮೊದಲ ಕಲ್ಲು ಕಿವಿಯ ಪಕ್ಕ ಸಿಳ್ಳೆ ಹಾಕಿತು. ಎರಡನೆಯದು ಅವಳ ಮೊಣಕಾಲಿಗೆ ಬಿದ್ದು ಅವಳು ಕುಸಿದಳು.

“ಮೂರನೇದು ತಲಿಗೆ ಹೊಡೀತೇನಿ! ನಮ್ಮಣ್ಣನ ಹೇಣ್ತಿನ್ನ ಹೊಳ್ಯಾಗ ಹಾಕಿದಿ, ನನ್ನನ್ನೂ ಹಾಕ್ತಿಯಾ?”

“ಸಾಯ್ತೀರಿ ಕಾಕಾ! ನಾಯಿ ಸತ್ತಂಗ ಸಾಯ್ತೀರಿ!”

“ಸತ್ರ ಸಾಯ್ತೇನಿ, ನನ್ನ ಗುಡ್ಡದಾಗ ಸಾಯ್ತೇನಿ!”

ಕುಂಟುತ್ತ ಇಳಿದಳು. ಯಲ್ಲಪ್ಪನನ್ನು ಕರೆದು ಎರಡು ಸಲ ಕಳಿಸಿದಳು. ಅವನು ಹೋಗಿ ಕಾಕಾನ ಜೊತೆ ತಂಬಾಕು ತಿಂದು ಬಂದ.

ಎರಡನೆಯ ಸೂಜಿಯ ದಿನ ಕಸ್ತೂರಿ ಹಗ್ಗ ಕೈಯಲ್ಲಿ ಹಿಡಿದೇ ಎದ್ದಳು. ಸತ್ತೆವ್ವ ಹಗ್ಗ ನೋಡಿದಳು, ಸೊಸೆಯ ಮುಖ ನೋಡಿದಳು. “ಅದನ್ನ ಒಳಗಿಡ. ನಾನ ಹತ್ತತೇನಿ,” ಎಂದು ಟೆಂಪೋ ಹತ್ತಿ ತಾನೇ ಕಂಬಳಿ ಮುಸುಕು ಹಾಕಿಕೊಂಡಳು. “ನೀರ ಮಾತ್ರ ನೋಡಂಗಿಲ್ಲ.” ಅಮಾವಾಸ್ಯೆ ಬಂತು, ಹೋಯಿತು. ಅವಳಿಗೆ ಏನೂ ಆಗಲಿಲ್ಲ.

ಹೊಳೆಪ್ಪನನ್ನು ಯಲ್ಲಪ್ಪ ಕುದುರೆಯ ಮೇಲೆ ಹಾಕಿಕೊಂಡು ಬಂದದ್ದು ಅದಾದ ಮೇಲೆ. ಗಾಯ ಮಾಯ್ದಿತ್ತು. ಕಣ್ಣು ಮಾತ್ರ ಕೆಂಡವಾಗಿತ್ತು. ತಂಬಿಗೆ ತೋರಿಸಿದರೆ ಗಂಟಲು ಕಪ್ಪೆಯ ಹಾಗೆ ಹಾರಿ, ಬೆನ್ನು ಬಿಲ್ಲಾಗುತ್ತಿತ್ತು. ಸೆರಗಿನ ಗಾಳಿ ಸೋಕಿದರೂ ಚೀರುತ್ತಿದ್ದ. ಯಲ್ಲಪ್ಪನ ಕೈಗೇ ಕಚ್ಚಲು ಹೋದ. ದಡ್ಡಿಯ ಮನೆಯ ಕೀಲಿ ತೆಗೆದು, ಹೊರಸಿಗೆ ಹಾಕಿ, ನಾಲ್ಕು ಜನ ಹಿಡಿದು ಹಗ್ಗದಿಂದ ಬಿಗಿದರು. ಕರೆಸಿದ ಡಾಕ್ಟರ್ ನೋಡಿ ತಲೆ ಅಲ್ಲಾಡಿಸಿ ಹೋದರು. ಎರಡು ದಿನ ಅವನು ಹಗ್ಗ ಕಡಿಯುತ್ತ, ಒಡಹುಟ್ಟಿದವರಿಗೇ ಉಗುಳುತ್ತ, ತನ್ನ ತುಟಿಯನ್ನೇ ತಿನ್ನುತ್ತ ಸತ್ತ. ಸತ್ತೆವ್ವ ಬಾಗಿಲಲ್ಲಿ ಕೂತು ಎಲ್ಲ ನೋಡಿದಳು. ಕಣ್ಣು ಮುಚ್ಚಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಹೊಳೆಪ್ಪನ ತಂಗಿ ಭರಮವ್ವ ಅಂಗಳದಲ್ಲಿ ಕಸ್ತೂರಿಯ ಕೂದಲಿಗೆ ಕೈ ಹಾಕಿದಳು. “ಕಟ್ಟ ಮುರದಿ ನೀ! ಕಚ್ಚಿಸಿಕೊಂಡಾಕಿನ್ನ ಹೊಳಿ ದಾಟಿಸಿದಿ. ಹೊಳಿ ಸಿಟ್ಟ ಆಗಿ ನಮ್ಮಣ್ಣನ್ನ ತಗೊಂತು!”

ಕೂಡಿದ ಮಂದಿ ಹೂಂ ಎಂದಿತು. ಯಲ್ಲಪ್ಪ ನೆಲ ನೋಡಿದ. ಸತ್ತೆವ್ವ ಎದ್ದು ಬಂದು ಭರಮವ್ವನ ಮುಂಗೈಯ ಮೇಲೆ ಬಡಿಗೆ ಇಳಿಸಿದಳು. ಎಲುಬು ಚಟ್ ಅಂದದ್ದು ಬಾಗಿಲಾಚೆಗೂ ಕೇಳಿಸಿತು.

“ಹೊಳೆಪ್ಪ ಹೊಳಿ ದಾಟಲಿಲ್ಲ,” ಎಂದಳು. “ದಾಟಿದಾಕಿ ನಾನು. ಹೆಣ ಯಾರದು ಬಿತ್ತು ನೋಡ್ರಿ. ನಮ್ಮ ಮಾವನ್ನ ಹೊಳಿ ಕೊಂದಿತಂತ ಇಷ್ಟ ವರ್ಷ ನಂಬಿದ್ನಲ್ಲ, ನನ್ನ ಹಲ್ಲ ಉದರಲಿ.”

ಹೊಳೆಪ್ಪನಿಗೆ ಹೆಂಡತಿ ಮಕ್ಕಳಿಲ್ಲ, ಹಿಂಡು ಈಗ ಪೂರ್ತಿ ಅವರದೇ. ಹೊಳೆಪ್ಪನ ಕುರಿಗಳು ಬಹಳ ದಿನ ಅವನ ಸಿಳ್ಳೆಗೆ ಕಾದು, ಕಸ್ತೂರಿಯ ಕೂಗಿಗೆ ತಲೆ ಎತ್ತದೆ, ಹೊಡೆತ ತಿಂದು ದಾರಿಗೆ ಬಂದವು. ಅವಳ ಮೊಣಕಾಲು ಚಳಿಗೆ ಇನ್ನೂ ಹಿಡಿಯುತ್ತದೆ. ಆ ಮನುಷ್ಯನ ಮೇಲೆ ಅವಳಿಗೆ ಇವತ್ತಿಗೂ ಸಿಟ್ಟು. ಅವನಿಗಿಂತ ಹೆಚ್ಚಿನ ಸಿಟ್ಟು ತನ್ನ ಮೇಲೆ.

ಈಗ ಸತ್ತೆವ್ವ ಅವಳಿಗೆ ಕವಣೆ ಕಲಿಸುತ್ತಿದ್ದಾಳೆ. ಪಾಪಾಸುಕಳ್ಳಿಯ ಎಲೆಗೆ ಗುರಿ ಇಟ್ಟು ಬೀಸಬೇಕು. ಕಲ್ಲು ತಪ್ಪಿದಾಗಲೆಲ್ಲ ಬಡಿಗೆ ಬೀಳುತ್ತದೆ.

“ಅಷ್ಟ ಮ್ಯಾಲ್ಯಾಕ ಹೊಡೀತಿ? ತಲಿ ಒಡದ್ರ ಸತ್ತ ಹೋಗ್ತಾರ. ಕೆಳಗ ಹೊಡಿ, ಕೆಳಗ!”

“ಮೊಣಕಾಲಿಗೆ ಹೊಡೀತೇನ್ರಿ ಅತ್ತಿ,” ಅನ್ನುತ್ತಾಳೆ ಕಸ್ತೂರಿ ಕಲ್ಲು ಆಯುತ್ತ. “ಕೆಡವಿದ್ರ ಸಾಕು. ಕಟ್ಟೂದು ಬರ್ತೈತಿ ನನಗ.”